ಮೂಕಿ ಏಳದ ದೋಣಿ

ಮೂರೇ ಬಿಂದುಗಳ ಮೇಲೆ ಓಡುವ ದೋಣಿಯೊಂದುಂಟು. ಅದರ ಹೆಸರು ಹೈಡ್ರೋಪ್ಲೇನ್. ನಿಂತಾಗ ಇದೂ ಎಲ್ಲ ದೋಣಿಗಳಂತೆ ನೀರಿನಲ್ಲಿ ಮೈಯಿಳಿಸಿ ತೇಲುತ್ತಿರುತ್ತದೆ. ವೇಗ ಬಂದೊಡನೆ ಮೈಯನ್ನೆಲ್ಲ ನೀರಿನಿಂದ ಮೇಲಕ್ಕೆತ್ತಿಕೊಂಡು, ಮುಂದುಗಡೆ ಎಡಬಲಗಳಲ್ಲಿ ಚಾಚಿದ ಎರಡು ಪಾದಗಳ ಹಿಂತುದಿಯ ಮೇಲೂ ಹಿಂದುಗಡೆ ಅರ್ಧ ಮುಳುಗಿದ ಪ್ರೊಪೆಲ್ಲರಿನ ಮೇಲೂ ನಿಂತು ಓಡತೊಡಗುತ್ತದೆ. ಆ ಪಾದಗಳಿಗೆ ಸ್ಪಾನ್ಸನ್ ಎನ್ನುತ್ತಾರೆ. ನೀರಿನ ಎಳೆತ ಕಡಿಮೆಯಾದಷ್ಟೂ ವೇಗ ಹೆಚ್ಚು. ಇದರ ಗುಟ್ಟು ಇಷ್ಟೇ. ಆದರೆ ನೀರನ್ನು ಬಿಟ್ಟ ದೋಣಿಯನ್ನು ಹಿಡಿದುಕೊಳ್ಳಲು ಗಾಳಿ ಕಾದಿರುತ್ತದೆ.

1950ರ ಜೂನ್ 26ರಂದು ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರದಲ್ಲಿ, ಟೆಡ್ ಜೋನ್ಸ್ ಎಂಬಾತ ರೂಪಿಸಿದ 'ಸ್ಲೋ-ಮೋ-ಷನ್ 4' ಎಂಬ ಹೈಡ್ರೋಪ್ಲೇನ್ ಗಂಟೆಗೆ 160 ಮೈಲಿ ಮೀರಿ ಓಡಿ ಲೋಕವನ್ನು ಬೆರಗುಗೊಳಿಸಿತು. ಹೆಸರು ನೋಡಿದರೆ ನಿಧಾನ, ಓಟ ನೋಡಿದರೆ ಹೀಗೆ! ಇದೇ ಮೂರು ಬಿಂದುಗಳ ತತ್ತ್ವದ, ಜೆಟ್ ಎಂಜಿನ್ನಿನ 'ಬ್ಲೂಬರ್ಡ್' ದೋಣಿಯಲ್ಲಿ ಡೊನಾಲ್ಡ್ ಕ್ಯಾಂಬೆಲ್ 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ 300 ಮೈಲಿಯನ್ನು ಮುಟ್ಟಲು ಹೋದಾಗ ದೋಣಿಯ ಮೂತಿ ಮೇಲೆದ್ದಿತು. ದೋಣಿ ಗಾಳಿಯಲ್ಲಿ ಹಿಂದಕ್ಕೆ ಮಗುಚಿ ನೀರಿಗೆ ಬಡಿಯಿತು, ಕ್ಯಾಂಬೆಲ್ ಉಳಿಯಲಿಲ್ಲ. ಆ ದೋಣಿಯನ್ನು ಸರೋವರದ ತಳದಿಂದ ಮೇಲೆತ್ತಿದ್ದು 2001ರಲ್ಲಿ.

ಇಷ್ಟು ದೊಡ್ಡ ಸಂಗತಿಗೂ ನಮ್ಮ ಜೋಕಾಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕಲ್ಕತ್ತೆಯಿಂದ ಡೈಮಂಡ್ ಹಾರ್ಬರ್ ರಸ್ತೆ ಹಿಡಿದು ಬೆಹಾಲಾ ದಾಟಿದರೆ ಸಿಕ್ಕುವ ಜೋಕಾ ನೀರಿನ ಊರು. 1961ರಲ್ಲಿ ಸ್ಥಾಪನೆಯಾದ ಐ.ಐ.ಎಂ. ಸಂಸ್ಥೆಯ ಆವರಣದಲ್ಲಿ ಚೆಂದದ ಕೊಳಗಳಿವೆ. ಅವು ವಿದ್ಯಾರ್ಥಿಗಳಿಗೆ, ನಮ್ಮ ಆಟಕ್ಕಲ್ಲ. ಹೊರಗೆ ಬಂದರೆ ಬಂಗಾಳಿಗಳು ಪುಕುರ್ ಎನ್ನುವ ಮನೆಗೆಲಸದ, ಮೀನಿನ ಕೊಳಗಳು. ನಮ್ಮ ನೆರೆಮನೆಯವರು ದಾವಣಗೆರೆ ಕಡೆಯವರು, ಬ್ಯಾಂಕಿನ ನೌಕರಿ. ಅವರ ಮಗ, ಹತ್ತನೆಯ ತರಗತಿಯವನು, ಎರಡು ವರ್ಷದ ಹಬ್ಬದ ದುಡ್ಡನ್ನು ಕೂಡಿಟ್ಟು 'ಸ್ಲೋ-ಮೋ-ಷನ್ 4'ರ ಹತ್ತನೆಯ ಒಂದು ಪಾಲಿನಷ್ಟು ದೋಣಿಯನ್ನು, ಸುಮಾರು 85 ಸೆಂಟಿಮೀಟರಿನದು, ಪ್ಲೈವುಡ್ಡಿನಲ್ಲಿ ಕಟ್ಟಿದ. ವಿದ್ಯುತ್ ಮೋಟಾರು, ರೇಡಿಯೊ ರಿಮೋಟು. ದೋಣಿ ಸಿದ್ಧವಾಗುವುದಕ್ಕೂ, ಅವನ ತಂದೆಗೆ ಏಪ್ರಿಲಿನಲ್ಲಿ ರಾಯಪುರಕ್ಕೆ ವರ್ಗವೆಂಬ ಸುದ್ದಿ ಬರುವುದಕ್ಕೂ ಸರಿಹೋಯಿತು. ಗೆಳೆಯರೆಲ್ಲ ಜೋಕಾದವರು. ಅವರೆದುರಿಗೆ ಒಂದು ಸಲವಾದರೂ ದೋಣಿ ನೆಟ್ಟಗೆ ಓಡಬೇಕೆಂಬುದು ಹುಡುಗನ ಹಟ.

ಮೊದಲನೆಯ ಸಲ ಅದು ಓಡಿದ್ದು ಹತ್ತು ಗಜ. ಮೂತಿ ಎತ್ತಿತು, ಹಿಂದಕ್ಕೆ ಮಗುಚಿತು. ದಡದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಅವನ ಅಜ್ಜಿ, "ಹಿಂಭಾರ ಆಗೇತಿ ನೋಡು ಮಗಾ. ಮೂಕಿ ಏಳದೆ ಇರ್ತದೇನು?" ಎಂದರು. ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ತಿನ್ನುತ್ತದೆ. ಹಿಂಭಾರವಾದರೆ ಮೂಕಿ ಆಕಾಶ ನೋಡುತ್ತದೆ. ಹೈಡ್ರೋಪ್ಲೇನಿನ ಶಾಸ್ತ್ರವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾವು ಕೇಳಿಲ್ಲ. ಮುಂಭಾರದ ದೋಣಿ ಸ್ಪಾನ್ಸನ್‌ಗಳನ್ನು ನೀರಿಗೆ ಒತ್ತಿ ಉಳುತ್ತ ಹೋಗುತ್ತದೆ, ತಿರುವಿನಲ್ಲಿ ಮೂಗು ಮುಳುಗಿಸುತ್ತದೆ. ಹಿಂಭಾರದ್ದು ಹೊಟ್ಟೆಯ ಕೆಳಗೆ ಗಾಳಿಯನ್ನು ಬಿಟ್ಟುಕೊಂಡು ಹಾರುತ್ತದೆ.

ಹಾಗಾದರೆ ಭಾರ ಎಲ್ಲಿರಬೇಕು? ಸ್ಪಾನ್ಸನ್‌ಗಳ ಹಿಂತುದಿಯಿಂದ ಪ್ರೊಪೆಲ್ಲರಿನವರೆಗಿನ ದೂರವನ್ನು ಅಳೆದು, ಅದರಲ್ಲಿ ನೂರಕ್ಕೆ ಸುಮಾರು 30 ಪಾಲು ಹಿಂದಕ್ಕೆ ಬಂದ ಜಾಗದಲ್ಲಿ ಗುರುತ್ವಕೇಂದ್ರವಿರಲಿ ಎಂಬುದು ಈ ಆಟದವರು ಸಾಮಾನ್ಯವಾಗಿ ಮೊದಲಿಗೆ ಹಿಡಿಯುವ ಲೆಕ್ಕ. ಇದನ್ನು ಕಂಡುಹಿಡಿಯಲು ಬೇಕಾದದ್ದು ಅಡಿಗೆಮನೆಯ ಎರಡು ತಕ್ಕಡಿ. ಸಾರಿನ ಪುಡಿಗೆ ಧನಿಯ, ಮೆಣಸಿನಕಾಯಿ ತೂಗುವ ಅಜ್ಜಿಯ ಎಲೆಕ್ಟ್ರಾನಿಕ್ ತಕ್ಕಡಿ ಒಂದು, ನಮ್ಮ ಮನೆಯದೊಂದು. ಒಂದರ ಮೇಲೆ ಅಡ್ಡಪಟ್ಟಿಯಿಟ್ಟು ಎರಡೂ ಸ್ಪಾನ್ಸನ್‌ಗಳ ಹಿಂತುದಿಯನ್ನು ಅದಕ್ಕೆ ಆನಿಸಬೇಕು. ಇನ್ನೊಂದನ್ನು ಪ್ರೊಪೆಲ್ಲರಿರುವ ಜಾಗದ ಕೆಳಗಿಟ್ಟು ದೋಣಿ ಮಟ್ಟವಾಗಿರುವಂತೆ ನೋಡಿಕೊಳ್ಳಬೇಕು. ಬ್ಯಾಟರಿ ಮೊದಲಾಗಿ ಎಲ್ಲವೂ ಒಳಗಿರತಕ್ಕದ್ದು. ನಮ್ಮ ದೋಣಿಯ ಒಟ್ಟು ತೂಕ 2000 ಗ್ರಾಂ, ಆ ದೂರ 50 ಸೆಂಟಿಮೀಟರು. ಹಿಂದಿನ ತಕ್ಕಡಿ 800 ಗ್ರಾಂ ತೋರಿಸಿತು. 800ನ್ನು 2000ದಿಂದ ಭಾಗಿಸಿ 50ರಿಂದ ಗುಣಿಸಿದರೆ 20. ಎಂದರೆ ಭಾರ ಸ್ಪಾನ್ಸನ್‌ಗಳಿಂದ 20 ಸೆಂಟಿಮೀಟರು ಹಿಂದಿತ್ತು. ಬೇಕಾದದ್ದು 15. ಮೂಕಿ ಎದ್ದದ್ದು ಸುಮ್ಮನೆ ಅಲ್ಲ!

ಇನ್ನು ಭಾರವನ್ನು ಮುಂದಕ್ಕೆ ತರುವ ಬಗೆ. ಸೀಸದ ತುಂಡು ಅಂಟಿಸುವುದು ಸುಲಭ. ಆದರೆ ಪಂದ್ಯದ ದೋಣಿಗೆ ಸೀಸ ಕಟ್ಟುವುದು ಓಟಗಾರನ ಜೇಬಿಗೆ ಕಲ್ಲು ತುಂಬಿದಂತೆ. ಒಳಗಿರುವುದನ್ನೇ ಸರಿಸಬೇಕು. ಬ್ಯಾಟರಿಯ ತೂಕ 500 ಗ್ರಾಂ. ಅದನ್ನು ನಾಲ್ಕು ಸೆಂಟಿಮೀಟರು ಮುಂದಕ್ಕೆ ಸರಿಸಿದರೆ ಇಡೀ ದೋಣಿಯ ಗುರುತ್ವಕೇಂದ್ರ ಒಂದು ಸೆಂಟಿಮೀಟರು ಮುಂದೆ ಬರುತ್ತದೆ. ಐದು ಬರಬೇಕಾದರೆ ಬ್ಯಾಟರಿಯನ್ನು 20 ಸೆಂಟಿಮೀಟರು ಸರಿಸಬೇಕಾಯಿತು. ಹುಡುಗ ನಡುವಿನ ಅಡ್ಡಹಲಗೆಯನ್ನು ಕೊರೆದು, ಮೂಗಿನ ಕಡೆ ಹೊಸ ತಟ್ಟೆ ಕೂರಿಸಿದ. ಒಂದು ವಾರದ ಕೆಲಸ. ಪರೀಕ್ಷೆಯ ಓದು ಏನಾಯಿತೆಂದು ಅವನ ತಾಯಿ ಕೇಳಿದ್ದಕ್ಕೆ, ಭೌತಶಾಸ್ತ್ರವನ್ನೇ ಓದುತ್ತಿದ್ದೇನೆಂದು ಉತ್ತರ ಬಂತು.

ಉದ್ದದ ತೂಕ ಸರಿಯಾದ ಮೇಲೆ ಅಡ್ಡದ ತೂಕ. ಪ್ರೊಪೆಲ್ಲರು ಒಂದು ಕಡೆ ತಿರುಗಿದರೆ ದೋಣಿಯ ಮೈ ಅದರ ವಿರುದ್ಧ ದಿಕ್ಕಿಗೆ ಹೊರಳಲು ನೋಡುತ್ತದೆ. ಬ್ಯಾಟರಿಯನ್ನು ಬೆರಳಗಲ ಪಕ್ಕಕ್ಕೆ ಸರಿಸಿ ಇದನ್ನು ತಡೆಯಬಹುದು. ಪ್ರೊಪೆಲ್ಲರಿನ ದಂಡವನ್ನು ಹಿಡಿದಿರುವ ಸ್ಟ್ರಟ್ ಎಂಬ ಆಧಾರವನ್ನು ಮೊದಲಿಗೆ ಸ್ಪಾನ್ಸನ್‌ಗಳ ತಳಕ್ಕೆ ಸಮಾನಾಂತರವಾಗಿ ಬಿಗಿಯಬೇಕು. ಅದನ್ನು ಇಳಿಸಿದರೆ ಬಾಲವೆದ್ದು ಮೂತಿ ತಗ್ಗುತ್ತದೆ, ಏರಿಸಿದರೆ ಬಾಲ ಕುಸಿದು ಮೂತಿ ಎತ್ತುತ್ತದೆ. ಒಂದು ಸಲಕ್ಕೆ ಅರ್ಧ ಮಿಲಿಮೀಟರು, ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರ ಫಲ ಯಾವುದೆಂದು ಬ್ರಹ್ಮನಿಗೂ ತಿಳಿಯದು.

ತಿರುವಿನಲ್ಲಿ ದೋಣಿ ಜಾರದಂತೆ ನೀರನ್ನು ಕಚ್ಚಿ ಹಿಡಿಯಲು ಒಂದು ಸ್ಪಾನ್ಸನ್ನಿನ ಬಳಿ ಲೋಹದ ರೆಕ್ಕೆಯಿರುತ್ತದೆ. ಅಮೆರಿಕದ ದೊಡ್ಡ ಹೈಡ್ರೋಪ್ಲೇನುಗಳು ಎಡಕ್ಕೆ ತಿರುಗುತ್ತ ಪಂದ್ಯವಾಡುವುದರಿಂದ ಅವಕ್ಕೆ ಅದು ಎಡಗಡೆ. ರೇಡಿಯೊ ದೋಣಿಗಳ ಪಂದ್ಯ ಬಲಸುತ್ತು; ಆದ್ದರಿಂದ ಬಲಗಡೆ. ಎಂದರೆ ಚಿಕ್ಕವು ಪ್ರದಕ್ಷಿಣೆ, ದೊಡ್ಡವು ಅಪ್ರದಕ್ಷಿಣೆ! ಅಜ್ಜಿಯ ಮೆಚ್ಚಿಗೆ ಯಾವುದಕ್ಕೆಂದು ಹೇಳಬೇಕಾಗಿಲ್ಲ.

ಮಾದರಿ ಹಡಗುಗಳ ವಿದ್ಯೆ ನಮ್ಮವರಿಗೆ ಹೊಸದಲ್ಲ. ಎನ್.ಸಿ.ಸಿ. ನೌಕಾವಿಭಾಗದ ಅಖಿಲ ಭಾರತ ನೌ ಸೈನಿಕ ಶಿಬಿರದಲ್ಲಿ ಇದರ ಸ್ಪರ್ಧೆಯೇ ಉಂಟು. ಆ ಶಿಬಿರ ನಮ್ಮ ಕಾರವಾರದಲ್ಲಿಯೂ ನಡೆದಿದೆ. ಮಕ್ಕಳಿರುವ ಮನೆಯವರು ಇಷ್ಟನ್ನು ಮಾತ್ರ ಮರೆಯಬಾರದು. ಮೊದಲು ರಿಮೋಟು ಹಾಕಿ ಆಮೇಲೆ ದೋಣಿಯ ಬ್ಯಾಟರಿ ಜೋಡಿಸಬೇಕು. ಮುಗಿಸುವಾಗ ಮೊದಲು ಬ್ಯಾಟರಿ ಕಳಚಬೇಕು. ಚೂಪು ಮಾಡಿದ ಪ್ರೊಪೆಲ್ಲರು ಈಳಿಗೆಮಣೆಗೆ ಕಡಿಮೆಯಿಲ್ಲ. ಲಿಥಿಯಮ್ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಮಲಗಕೂಡದು. ಮಗುಚಿದರೂ ಮುಳುಗದಂತೆ ದೋಣಿಯ ಒಳಗೆ ತರ್ಮೋಕೋಲ್ ತುಂಬಿರಲಿ. ಎಲ್ಲಕ್ಕಿಂತ ಮುಖ್ಯ, ನಿಂತುಹೋದ ದೋಣಿಯನ್ನು ತರಲು ಯಾರೂ ಕೊಳಕ್ಕೆ ಇಳಿಯತಕ್ಕದ್ದಲ್ಲ. ಗಾಳದ ದಾರದ ತುದಿಗೆ ಟೆನಿಸ್ ಚೆಂಡು ಕಟ್ಟಿ ದೋಣಿಯಾಚೆಗೆ ಎಸೆದು ಮೆಲ್ಲಗೆ ಎಳೆದರೆ ಅದು ತಾನೇ ಬರುತ್ತದೆ. ಇದು ತಾಯಂದಿರು ಹಾಕಿದ ಷರತ್ತು. ಕೊಳದ ಯಜಮಾನರು ಹಾಕಿದ್ದು ಇನ್ನೊಂದು: ಮೀನಿಗೆ ಮೇವು ಹಾಕುವ ಹೊತ್ತಿನಲ್ಲಿ ಸದ್ದು ಕೂಡದು.

ಫೆಬ್ರವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ ಗಾಳಿಯಿರಲಿಲ್ಲ. ಅಂತರಗಂಗೆಯನ್ನು ಹುಡುಗರೇ ಹಿಂದಿನ ದಿನ ಬಿದಿರಿನಿಂದ ಒಂದು ಮೂಲೆಗೆ ತಳ್ಳಿದ್ದರು. ಮೊದಲನೆಯ ಸುತ್ತಿನಲ್ಲಿ ದೋಣಿ ಕಪ್ಪೆಯಂತೆ ಕುಪ್ಪಳಿಸಿತು. ಸ್ಟ್ರಟ್ಟನ್ನು ಅರ್ಧ ಮಿಲಿಮೀಟರು ಇಳಿಸಿದ ಮೇಲೆ ಕುಪ್ಪಳ ನಿಂತಿತು. ಆಮೇಲೆ ಆರು ಸುತ್ತು, ಹಿಂದೆ ಬಾಲದಿಂದ ಹುಂಜದ ಪುಕ್ಕದಂತೆ ನೀರು ಚಿಮ್ಮಿಸುತ್ತ, ಮೂತಿಯನ್ನು ಎರಡು ಬೆರಳಿನಷ್ಟು ಮಾತ್ರ ಎತ್ತಿ ಓಡಿತು. ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವ ವೇಗವನ್ನೇ ದಿನವೂ ಕಾಣುವ ನಮಗೆ ಕಣ್ಣು ನಿಲ್ಲಲಿಲ್ಲ. ಬಂಗಾಳಿ ಹುಡುಗರು ದಡದುದ್ದಕ್ಕೂ ಓಡಿದರು. ರಿಮೋಟು ಕೈಯಿಂದ ಕೈಗೆ ಹೋಗಿ ಎಲ್ಲರಿಗೂ ಒಂದೊಂದು ಸುತ್ತು ಸಿಕ್ಕಿತು.

ಈಗ ಸಾಮಾನು ಕಟ್ಟುವ ಕೆಲಸ ನಡೆದಿದೆ. ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬೇರೆಯಾಗಿ ಕಟ್ಟಿದ್ದಾರೆ. ವಿಮಾನದಲ್ಲಿ ಅದು ಕೈಚೀಲದಲ್ಲಿರಬೇಕು, ದೊಡ್ಡ ಸಾಮಾನಿನಲ್ಲಿ ಕೂಡದು. 15 ಸೆಂಟಿಮೀಟರಿನ ಜಾಗದಲ್ಲಿ ದೋಣಿಯ ಹೊಟ್ಟೆಗೆ ಪೆನ್ಸಿಲ್ಲಿನ ಗೆರೆ ಎಳೆದಿದೆ. ರಾಯಪುರದಲ್ಲಿ ಬೂಢಾ ತಾಲಾಬ್ ಎಂಬ ದೊಡ್ಡ ಕೆರೆಯಿರುವುದನ್ನು ಹುಡುಗ ನಕ್ಷೆಯಲ್ಲಿ ನೋಡಿಟ್ಟಿದ್ದಾನೆ. ದೋಣಿ ಬಿಡಲು ಅಲ್ಲಿ ಯಾರ ಅಪ್ಪಣೆ ಕೇಳಬೇಕೆಂದು ಅವನ ತಂದೆ ವಿಚಾರಿಸುತ್ತಿದ್ದಾರೆ. ಅಜ್ಜಿಯ ತಕ್ಕಡಿ ದೋಣಿಯ ಪೆಟ್ಟಿಗೆಯಲ್ಲಿಯೇ ಹೋಗುತ್ತದೆ.