ಕವಳದ ನಾಲ್ಕನೆಯ ವಸ್ತು



ಭಟ್ಕಳ, ಹೊನ್ನಾವರ, ಕುಮಟಾ ಕಡೆಯಲ್ಲಿ ಯಾರ ಮನೆಯ ಜಗಲಿ ಹತ್ತಿದರೂ ಕವಳದ ಬಟ್ಟಲು ಮುಂದೆ ಬರುತ್ತದೆ. ಅದರಲ್ಲಿ ನಾಲ್ಕು ವಸ್ತುಗಳು: ಎಲೆ, ಅಡಿಕೆ, ಸುಣ್ಣ, ತಂಬಾಕು. ಎಲೆ ನಮ್ಮ ತೋಟದ ಬಳ್ಳಿಯದು. ಹೊನ್ನಾವರದ ರಾಣಿ ಎಲೆಗೆ ದೂರದೂರದಲ್ಲಿ ಹೆಸರಿದೆ. ಅಡಿಕೆ ನಮ್ಮ ಅಂಗಳದಲ್ಲೇ ಒಣಗಿದ್ದು. ಸುಣ್ಣವನ್ನೂ ಹೊಳೆಯ ಚಿಪ್ಪಿ ಸುಟ್ಟು ಇಲ್ಲಿಯೇ ಮಾಡುತ್ತಿದ್ದರು. ನಾಲ್ಕನೆಯದು ಮಾತ್ರ ಹೊರಗಿನಿಂದ ಬಂದದ್ದು. ಅದು ಎಲ್ಲಿಂದ ಬಂತು, ಎಷ್ಟು ಬಗೆಯದು, ಬಾಯಲ್ಲಿ ಏನು ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಬಂದ ದಾರಿ

1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಬಂದಿದ್ದನು. ಅಲ್ಲಿ ಅರಸನು ಕೊಟ್ಟ ವೀಳ್ಯವನ್ನು ಕುರಿತು ಅವನು ಬರೆದಿಟ್ಟಿದ್ದಾನೆ. ಆ ವೀಳ್ಯದಲ್ಲಿ ತಂಬಾಕು ಇರಲು ಸಾಧ್ಯವೇ ಇರಲಿಲ್ಲ. ಅಂದು ಅದು ಅಮೆರಿಕ ಖಂಡದಲ್ಲಿ ಮಾತ್ರ ಇದ್ದ ಬೆಳೆ. ಪೋರ್ಚುಗೀಸರು ಅದನ್ನು ನಮ್ಮ ದೇಶಕ್ಕೆ ತಂದರು. 17ನೇ ಶತಮಾನದ ಆರಂಭದಲ್ಲಿ ಮೊಗಲ ಅಧಿಕಾರಿ ಅಸದ್ ಬೇಗನು ಬಿಜಾಪುರದಿಂದ ತಂಬಾಕನ್ನು ಒಯ್ದು ಅಕ್ಬರನ ಮುಂದಿಟ್ಟನು. ಬಾದಶಹನು ಸೇದಿ ನೋಡಿದಾಗ ಆಸ್ಥಾನದ ಹಕೀಮನು ಬೇಡವೆಂದು ತಡೆದನಂತೆ. ನಾವು ಅಗಿಯುವ ಈ ಎಲೆಗೆ ಕನ್ನಡದಲ್ಲಿ ‘ಹೊಗೆಸೊಪ್ಪು’ ಎಂಬ ಹೆಸರಿರುವುದೂ ಸೇದುವ ಅಭ್ಯಾಸದಿಂದಲೇ. ಕವಳ ಬಹು ಹಳೆಯದು. ಅದರೊಳಗೆ ತಂಬಾಕು ಸೇರಿದ್ದು ಸುಮಾರು ನಾಲ್ಕು ನೂರು ವರ್ಷಗಳಿಂದ ಈಚೆಗೆ.

ಬಗೆಗಳು

ಎಲೆ ತಂಬಾಕು: ಒಣಗಿಸಿ ಹದ ಮಾಡಿದ ಎಲೆಯನ್ನು ಚೂರು ಹರಿದು ಕವಳಕ್ಕೆ ಹಾಕುವುದು.

ಜರ್ದಾ: ತಂಬಾಕಿನ ಚೂರುಗಳನ್ನು ಸುಣ್ಣ, ಮಸಾಲೆಗಳೊಂದಿಗೆ ಬೇಯಿಸಿ ಒಣಗಿಸಿ ಸುಗಂಧ ಸೇರಿಸಿದ್ದು.

ಖೈನಿ: ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿ ತುಟಿಯ ಸಂದಿಯಲ್ಲಿ ಇಡುವುದು.

ಕಡ್ಡಿಪುಡಿ: ತಂಬಾಕಿನ ಕಡ್ಡಿಯ ಪುಡಿ, ಹಳೇ ಮೈಸೂರಿನ ಕಡೆ ಬಳಕೆ.

ನಶ್ಯ: ಮೂಗಿಗೆ ಏರಿಸುವ ನುಣುಪಾದ ಪುಡಿ.

ಗುಟ್ಕಾ: ಅಡಿಕೆ, ಕಾಚು, ಸುಣ್ಣ, ತಂಬಾಕು, ಸುವಾಸನೆಗಳನ್ನು ಬೆರೆಸಿ ಪೊಟ್ಟಣ ಕಟ್ಟಿದ್ದು. ಇದನ್ನು ಕರ್ನಾಟಕದಲ್ಲಿ 2013ರಲ್ಲಿ ನಿಷೇಧಿಸಲಾಯಿತು. ಆ ಬಳಿಕ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಜೋಡಿಯಾಗಿ ಬರತೊಡಗಿದವು. ಎರಡನ್ನೂ ಅಂಗೈಗೆ ಸುರಿದುಕೊಂಡರೆ ಅದೇ ಹಳೆಯ ಗುಟ್ಕಾ.

ಪೊಟ್ಟಣದ ಮೇಲಿನ ಗುರುತು ಯಾವುದಾದರೂ ಇರಲಿ, ಒಳಗಿರುವ ಗಿಡ ಒಂದೇ.

ಬಾಯಲ್ಲಿ ಆಗುವುದೇನು?

ಗಿಡಹೇನಿನ ಕಾಟಕ್ಕೆ ತಂಬಾಕನ್ನು ನೀರಿನಲ್ಲಿ ನೆನೆಸಿ, ಸೋಪು ಬೆರೆಸಿ ಸಿಂಪಡಿಸುವ ಪದ್ಧತಿ ರೈತರಿಗೆ ಗೊತ್ತಿದೆ. ಹೇನನ್ನು ಕೊಲ್ಲುವುದು ಅದರಲ್ಲಿರುವ ನಿಕೋಟಿನ್. ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡವು ಇದನ್ನು ಬೇರಿನಲ್ಲಿ ತಯಾರಿಸಿ ಎಲೆಗೆ ಕಳುಹಿಸುತ್ತದೆ. ಕವಳದ ಸುಣ್ಣವು ನಿಕೋಟಿನನ್ನು ಬಿಡಿಸಿಕೊಡುವುದರಿಂದ ಅದು ಕೆನ್ನೆಯ ತೆಳುಚರ್ಮದ ಮೂಲಕ ಬೇಗನೆ ರಕ್ತಕ್ಕೆ ಸೇರುತ್ತದೆ. ಚಟ ಹಿಡಿಸುವುದು ಇದೇ. ಕ್ಯಾನ್ಸರ್ ತರುವುದರಲ್ಲಿ ಮುಖ್ಯವಾದವು, ಎಲೆಯನ್ನು ಹದ ಮಾಡುವಾಗಲೂ ಕೂಡಿಟ್ಟಾಗಲೂ ಹುಟ್ಟುವ ನೈಟ್ರೋಸಮೈನ್‌ಗಳು.

ನನ್ನ ವಲಯದ ಒಬ್ಬ ತೋಟಿಗರು ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಪ್ರಮಾಣ ಕೇಳಲು ಕರೆದಿದ್ದರು. ಊಟದ ಹೊತ್ತಿಗೆ ನಮಗೆಲ್ಲ ಸಾರು, ಪಲ್ಯ. ಅವರಿಗೆ ಬರೀ ತಂಪು ಗಂಜಿ. ಖಾರ ತಾಗಿದರೆ ಬಾಯಿ ಉರಿಯುತ್ತದೆಂದರು. ಮೂರು ಬೆರಳು ಜೋಡಿಸಿ ಬಾಯಿಗೆ ಇಟ್ಟು ನೋಡಿರೆಂದು ಹೇಳಿದೆ. ಒಂದೂವರೆ ಬೆರಳೂ ಹೋಗಲಿಲ್ಲ. “ಅಲ್ಲ ತಮ್ಮಾ, ಎಲೆ ಅಡಿಕೆ ದೇವರಿಗೂ ಇಡುವಂಥದು. ಅದರಲ್ಲಿ ಕೆಡುಕು ಎಂಥದು?” ಎಂದು ಕೇಳಿದರು.

ಅಡಿಕೆಯಿಂದಲೇ ಬದುಕುವ ಮನೆಯ ಜಗಲಿಯಲ್ಲಿ ಕುಳಿತು ಉತ್ತರ ಹೇಳುವುದು ಕಷ್ಟವಾಯಿತು. ಆದರೂ ಹೇಳಲೇಬೇಕಾಯಿತು. ಬಾಯಿ ಹೀಗೆ ಬಿಗಿದುಕೊಳ್ಳುವುದಕ್ಕೆ ಮುಖ್ಯ ಕಾರಣ ಅಡಿಕೆಯನ್ನು ಹಗಲಿರುಳು ಅಗಿಯುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಇಲ್ಲದ ಕವಳವೂ ಕ್ಯಾನ್ಸರ್‌ಕಾರಕವೆಂದು ಹೇಳಿದೆ. ತಂಬಾಕು ಕೂಡಿದರೆ ಅಪಾಯ ಇನ್ನೂ ಹೆಚ್ಚು. ದೇವರ ಮುಂದೆ ಇಡುವ ವೀಳ್ಯಕ್ಕೂ, ದಿನಕ್ಕೆ ಹತ್ತು ಸಲ ಕೆನ್ನೆಯಲ್ಲಿ ಒತ್ತಿ ಇಡುವುದಕ್ಕೂ ವ್ಯತ್ಯಾಸವಿದೆ. ಅವರು ಮರುವಾರವೇ ಆಸ್ಪತ್ರೆಗೆ ಹೋದರು. ಬಿಗಿದ ಬಾಯಿ ಪೂರ್ತಿ ಸಡಿಲವಾಗುವುದು ಕಷ್ಟ. ಆದರೆ ಬಿಟ್ಟರೆ ಮುಂದೆ ಆಗುವ ಕೇಡು ಕಡಿಮೆಯಾಗುತ್ತದೆಂದು ವೈದ್ಯರು ಹೇಳಿದರಂತೆ. ಈಗ ಅವರ ಬಟ್ಟಲು ಬಂದವರಿಗೆ ಮಾತ್ರ. ಅದರಲ್ಲಿ ನಾಲ್ಕನೆಯದು ಇಲ್ಲ.

ಮಾಡಬೇಕಾದುದು

1. ತಿಂಗಳಿಗೊಮ್ಮೆ ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಹೋಗದ ಬಾಯಿ, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ.

2. ಮೊದಲು ತಂಬಾಕನ್ನೂ ಪೊಟ್ಟಣವನ್ನೂ ಬಿಡಿ. ಆಮೇಲೆ ಕವಳವನ್ನೂ ಕಡಿಮೆ ಮಾಡುತ್ತ ಬನ್ನಿ. ಆಸೆ ಹುಟ್ಟಿದಾಗ ಅದು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ನೀರು ಕುಡಿಯಿರಿ, ಏಲಕ್ಕಿ ಕಾಳು ಬಾಯಿಗೆ ಹಾಕಿಕೊಳ್ಳಿ.

3. ಕವಳ ಕೆನ್ನೆಯಲ್ಲಿಟ್ಟು ಮಲಗಬೇಡಿ. ಗರ್ಭಿಣಿಯರು ತಂಬಾಕನ್ನು ಮುಟ್ಟಲೇಬಾರದು. ಮಗುವಿನ ತೂಕ ಕುಂದುತ್ತದೆ.

4. ಮಕ್ಕಳನ್ನು ತಂಬಾಕು ತರಲು ಅಂಗಡಿಗೆ ಕಳುಹಿಸಬೇಡಿ.

5. ದಿನಕ್ಕೆ 20 ರೂಪಾಯಿಯ ಪೊಟ್ಟಣವೆಂದರೆ ವರ್ಷಕ್ಕೆ 7,300 ರೂಪಾಯಿ. ಲೆಕ್ಕ ಬರೆದು ಮನೆಯವರಿಗೆ ತೋರಿಸಿ.

ಬಿಡಲು ನೆರವು ಬೇಕಾದವರು 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆಮಾಡಬಹುದು.

ಅತಿಥಿಗೆ ಬಟ್ಟಲು ಮುಂದಿಡುವುದು ನಮ್ಮ ಹಿರಿಯರು ಕಲಿಸಿದ ಮರ್ಯಾದೆ. ಅಬ್ದುರ್ ರಜಾಕನ ಕಾಲದಲ್ಲಿ ಆ ಮರ್ಯಾದೆ ತಂಬಾಕಿಲ್ಲದೆಯೇ ನಡೆದಿತ್ತು. ಇಂದೂ ನಡೆಯುತ್ತದೆ.

— ಒಬ್ಬ ಗ್ರಾಮಸೇವಕ