ಜಪಾನೀ ಸಾಹಿತ್ಯದ ಬೋಧನಕ್ರಮ

ಪರಭಾಷೆಯೊಂದನ್ನು ಕಲಾಶಾಲೆಯಲ್ಲಿ ಬೋಧಿಸುವಾಗ ಅದರ ಯಾವ ಅವಸ್ಥೆಯನ್ನು ಬೋಧಿಸತಕ್ಕದ್ದೆಂಬ ಪ್ರಶ್ನೆಯು ಮೊದಲು ಏಳುವುದು. ಜಪಾನೀ ಭಾಷೆಯಲ್ಲಿ ಇದು ಬಹಳ ತೊಡಕಾದುದು. ಇಂದಿನ ಭಾಷೆಗೆ ಅಲ್ಲಿನವರು ‘ಕೋಗೊ’ ಎಂದೂ ಹಳೆಯ ಗ್ರಂಥಭಾಷೆಗೆ ‘ಬುಂಗೊ’ ಎಂದೂ ಹೆಸರಿಟ್ಟಿರುವರು. 1889ರ ರಾಜ್ಯಾಂಗಶಾಸನವು ಬುಂಗೊದಲ್ಲಿಯೂ 1946ರಲ್ಲಿ ಘೋಷಿತವಾದುದು ಕೋಗೊದಲ್ಲಿಯೂ ಇರುವುವು. ಕಥೆಗಾರರು ಆಡುಮಾತಿನ ಕಡೆಗೆ ಮೊದಲೇ ತಿರುಗಿದ್ದರು. ಫುತಬತೆಯಿ ಶಿಮೆಯಿಯ ‘ಉಕಿಗುಮೊ’ (1887-89) ಆ ಮಾರ್ಗದಲ್ಲಿ ಪ್ರಸಿದ್ಧವಾದುದು. ಕೋಗೊವನ್ನು ಮಾತ್ರ ಬಲ್ಲವನಿಗೆ ಅಲ್ಲಿಂದೀಚಿನ ಸಾಹಿತ್ಯವು ದೊರೆಯಬಹುದು. ಅದಕ್ಕೆ ಹಿಂದಿನ ಸಾವಿರ ವರ್ಷಗಳಿಗೆ ಮಿಕ್ಕ ವಾಙ್ಮಯವು ದೊರೆಯದು. ಹೊಸಗನ್ನಡವನ್ನಷ್ಟೇ ಬಲ್ಲವನು ಪಂಪನ ಮುಂದೆ ನಿಲ್ಲುವ ಸ್ಥಿತಿಯೇ ಇದು.

ಒಂದು ಪ್ರತ್ಯಯದಿಂದ ಈ ವಿಷಯವು ಸ್ಫುಟವಾಗುವುದು. ‘ಸಕು’ ಎಂಬ ಧಾತುವಿಗೆ ಅರಳು ಎಂದರ್ಥ. ‘ಹನ’ ಎಂದರೆ ಹೂವು. ಬುಂಗೊದಲ್ಲಿ ‘ಹನ ಸಕಿನು’ ಎಂದರೆ ಹೂವು ಅರಳಿತು. ‘ಸಕನು ಹನ’ ಎಂದರೆ ಅರಳದ ಹೂವು. ಮೊದಲನೆಯ ‘ನು’ ಕ್ರಿಯಾಪರಿಸಮಾಪ್ತಿಯನ್ನು ಹೇಳುವುದು. ಎರಡನೆಯದು ನಿಷೇಧಾರ್ಥಕವಾದ ‘ಜು’ ಎಂಬುದರ ವಿಶೇಷಣರೂಪ. ಇಲ್ಲಿ ಧಾತುವಿನ ಅಂತ್ಯಸ್ವರವಾದರೂ ಭೇದವನ್ನು ತೋರಿಸುವುದು. ನೋಡು ಎಂಬರ್ಥದ ‘ಮಿರು’ ಧಾತುವಿನಲ್ಲಿ ಆ ಆಸರೆಯೂ ಇಲ್ಲ: ಎರಡೂ ‘ಮಿನು’ ಎಂದೇ ಆಗುವುವು. ವಾಕ್ಯಾಂತದಲ್ಲಿ ಬಂದರೆ ನೋಡಿದನೆಂದೂ ನಾಮಪದಕ್ಕೆ ಹಿಂದೆ ಬಂದರೆ ನೋಡದ ಎಂದೂ ಸಾಮಾನ್ಯವಾಗಿ ನಿರ್ಣಯಿಸಬೇಕು. ಇಂದಿನ ಭಾಷೆಯಲ್ಲಿ ಬಳಕೆಯಲ್ಲಿ ಉಳಿದಿರುವುದು ನಿಷೇಧದ ‘ನು’ ಮಾತ್ರ. ಆದಕಾರಣ ವ್ಯಾಕರಣವನ್ನು ಅರಿಯದವನು ಕವಿಯು ಆಯಿತೆಂದುದನ್ನು ಆಗಲಿಲ್ಲವೆಂದು ಓದುವನು; ನಿಘಂಟು ಅವನನ್ನು ಕಾಪಾಡಲಾರದು.

ಶಬ್ದಾರ್ಥಗಳೂ ಹಾಗೆಯೇ. ಇಂದು ದುಃಖವನ್ನು ಸೂಚಿಸುವ ‘ಕನಶಿ’ ಎಂಬ ಶಬ್ದವು ಪ್ರಾಚೀನರಲ್ಲಿ ಅತಿಶಯವಾದ ವಾತ್ಸಲ್ಯಕ್ಕೂ ಸಲ್ಲುತ್ತಿದ್ದಿತು. ಇನ್ನು ಹನ್ನೊಂದನೆಯ ಶತಮಾನದ ಆದಿಯಲ್ಲಿ ಮುರಸಕಿ ಶಿಕಿಬು ಎಂಬ ವಿದುಷಿಯು ರಚಿಸಿದ 54 ಅಧ್ಯಾಯಗಳ ‘ಗೆಂಜಿ ಮೊನೊಗತರಿ’ಯಲ್ಲಿ ಕರ್ತೃಪದವು ಬಹುಸ್ಥಳಗಳಲ್ಲಿ ಇಲ್ಲವೇ ಇಲ್ಲ. ಕ್ರಿಯಾಪದದ ಗೌರವರೂಪದಿಂದಲೇ ಮಾಡಿದವರಾರೆಂದು ಊಹಿಸಬೇಕು. ‘ಬಂದ’, ‘ಬಂದರು’, ‘ದಯಮಾಡಿಸಿದರು’ ಎಂಬ ಭೇದವನ್ನು ಬಲ್ಲ ಕನ್ನಡಿಗನಿಗೆ ಇದರ ಮರ್ಮವನ್ನು ತಿಳಿಸುವುದು ಕಷ್ಟವಲ್ಲ. ಕರ್ತೃ, ಕರ್ಮ, ಕ್ರಿಯೆಗಳ ಕ್ರಮವೂ ನಾಮಪದದ ಬಳಿಕ ವಿಭಕ್ತ್ಯರ್ಥದ ಶಬ್ದಗಳು ಬರುವ ರೀತಿಯೂ ಅವನಿಗೆ ಪರಿಚಿತವೇ.

ಲಿಪಿಯ ಕಷ್ಟವು ಪ್ರಸಿದ್ಧವಾಗಿದೆ. ಪರ್ವತವನ್ನು ಸೂಚಿಸುವ ಒಂದೇ ಚೀನೀ ಸಂಕೇತವನ್ನು ‘ಸನ್’ ಎಂದೂ ‘ಯಮ’ ಎಂದೂ ಓದುವರು. ಮೊದಲನೆಯದು ಚೀನದಿಂದ ಬಂದ ಉಚ್ಚಾರಣೆ, ಎರಡನೆಯದು ದೇಶ್ಯ. ನಿತ್ಯವ್ಯವಹಾರಕ್ಕೆಂದು 2010ರಲ್ಲಿ ನಿಗದಿಯಾದ ಸಂಕೇತಗಳೇ 2136. ಆದರೆ ‘ಕನ’ ಎಂಬ ಅಕ್ಷರಮಾಲೆಯ ಅನುಕ್ರಮವು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದಿರುವುದು. ಸಿದ್ಧಲಿಪಿಯನ್ನು ಅಭ್ಯಸಿಸಿದ ಬೌದ್ಧಭಿಕ್ಷುಗಳ ಮೂಲಕ ಸಂಸ್ಕೃತದ ವರ್ಣಕ್ರಮವೇ ಅಲ್ಲಿಗೆ ಹೋಯಿತು. ಮಕಾರಕ್ಕೆ ಹಿಂದೆ ಹಕಾರವೇಕೆಂದು ಶಂಕಿಸುವವರು, ಅದರ ಪ್ರಾಚೀನೋಚ್ಚಾರಣೆ ಪಕಾರವೆಂಬುದನ್ನು ನೆನೆದರೆ ಸಾಕು. ಪವರ್ಗವು ತನ್ನ ಸ್ಥಾನದಲ್ಲಿಯೇ ಇದೆ.

ಇಂತಹ ಸಾಹಿತ್ಯವನ್ನು ಪರದೇಶೀಯರಿಗೆ ಬೋಧಿಸಿದವರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ತ್ಸುನೊದ ರ್ಯೂಸಕು (1877-1964) ಸ್ಮರಣೀಯರು. 1941ರ ಶರತ್ಕಾಲದಲ್ಲಿ ಅವರ ಜಪಾನೀ ಚಿಂತನೇತಿಹಾಸದ ಪಾಠಕ್ಕೆ ಡೊನಾಲ್ಡ್ ಕೀನ್ ಎಂಬ ವಿದ್ಯಾರ್ಥಿಯೊಬ್ಬನೇ ಬಂದನು. ತನ್ನೊಬ್ಬನಿಗಾಗಿ ಶ್ರಮ ಬೇಡವೆಂದು ಅವನು ಹಿಂಜರಿಯಲು, ಒಬ್ಬನಿದ್ದರೆ ಸಾಕೆಂದು ಗುರುಗಳು ಉತ್ತರವಿತ್ತರು. ಪಾಠಕ್ಕೆ ಮೊದಲೇ ಕರಿಹಲಗೆಯ ತುಂಬ ಮೂಲವಾಕ್ಯಗಳನ್ನು ಬರೆದಿಡುವುದೂ ಗ್ರಂಥರಾಶಿಯನ್ನು ಹೊತ್ತುತರುವುದೂ ಅವರ ಪದ್ಧತಿಯಾಗಿದ್ದಿತು.

ಮರುವರ್ಷ ಕೀನ್ ಅಮೆರಿಕದ ನೌಕಾದಳದ ಜಪಾನೀ ಪಾಠಶಾಲೆಯನ್ನು ಸೇರಿದನು. ನಗನುಮ ನವೊಯೆ ರಚಿಸಿದ ವಾಚಕಗಳಿಂದ ಅಲ್ಲಿ ಒಂದು ವರ್ಷದೊಳಗೆ ಭಾಷೆಯನ್ನು ಕಲಿಸುತ್ತಿದ್ದರು. ಆ ವೇಗವು ಆಶ್ಚರ್ಯಕರವೇ ಸರಿ. ಆದರೆ ಯುದ್ಧವು ಮುಗಿದೊಡನೆ ಅವನು ಪ್ರಾಚೀನಗ್ರಂಥಗಳ ವ್ಯಾಸಂಗಕ್ಕಾಗಿ ತ್ಸುನೊದರ ಬಳಿಗೇ ಹಿಂದಿರುಗಿದನೆಂಬುದನ್ನು, ಶೀಘ್ರಬೋಧನೆಯನ್ನು ಹೊಗಳುವವರು ಗಮನಿಸುವುದಿಲ್ಲ.

ಅವನನ್ನು ಮೊದಲು ಸೆಳೆದುದು ಆರ್ಥರ್ ವೇಲಿಯವರ ಗೆಂಜಿಯ ಇಂಗ್ಲಿಷ್ ಭಾಷಾಂತರ (1925-33). ಅನುವಾದವು ಬಾಗಿಲವರೆಗೆ ಕರೆದೊಯ್ಯುವುದೆಂಬುದಕ್ಕೆ ಇದೇ ಸಾಕ್ಷಿ. ಆದರೆ ವೇಲಿಯವರು 38ನೆಯ ಅಧ್ಯಾಯವಾದ ‘ಸುಜುಮುಶಿ’ಯನ್ನು ಬಿಟ್ಟುಬಿಟ್ಟಿರುವರು. ಮೂಲವನ್ನು ಬಿಡಿಸಿ ಓದಲಾರದ ಉಪಾಧ್ಯಾಯನು ತನ್ನ ವಿದ್ಯಾರ್ಥಿಗಳಿಗೆ ಅದನ್ನು ಎಲ್ಲಿಂದ ಓದಿಹೇಳುವನು?