ತಿರುವಿನ ದೀಪ

ಮೈಸೂರಿನಿಂದ ಹಳೆಯ ಹೆದ್ದಾರಿಯಲ್ಲಿ ಬಂದು ಶ್ರೀರಂಗಪಟ್ಟಣದ ದ್ವೀಪವನ್ನು ಪ್ರವೇಶಿಸಿದ ಕಾರು ಗಂಜಾಂ ಕಡೆಗೆ ಹೋಗಬೇಕಾದರೆ ಬಲಕ್ಕೆ ಹೊರಳಬೇಕು. ನಿಮಿಷಾಂಬೆಯ ದರ್ಶನಕ್ಕೆ ಹೊರಟ ಸಂಸಾರಗಳಿಗೂ, ಗುಂಬಜ್ ನೋಡಿಕೊಂಡು ಸಂಗಮಕ್ಕೆ ಹೋಗುವವರಿಗೂ ಹಾದಿ ಅದೇ ಕಡೆ. ಎಡಕ್ಕೆ ಹೊರಳುವುದು ಸುಲಭ. ಬಲಕ್ಕೆ ಹೊರಳುವಾಗಲಾದರೋ ಎದುರಿನಿಂದ ಬರುವ ವಾಹನಗಳ ಹಾದಿಯನ್ನು ಅಡ್ಡ ಹಾಯಲೇಬೇಕು. ಆ ಕ್ಷಣದಲ್ಲಿ ಎದುರಿನ ಸವಾರನಿಗೆ ಕಾರಿನ ಚಾಲಕನ ಮನಸ್ಸನ್ನು ತಿಳಿಸುವುದು ಒಂದೇ ಒಂದು ವಸ್ತು: ಕಾರಿನ ಮುಂಭಾಗದ ಬಲ ಮೂಲೆಯಲ್ಲಿ ಮಿನುಗುವ ಕಿತ್ತಳೆ ಬಣ್ಣದ ದೀಪ.

೨೦೨೩ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಅದೇ ವರ್ಷದ ಆಗಸ್ಟ್ ೧ರಿಂದ ಅದರ ಮುಖ್ಯ ಪಥಗಳಲ್ಲಿ ಸ್ಕೂಟರ್, ಬೈಕು, ಆಟೋ, ಟ್ರಾಕ್ಟರುಗಳನ್ನು ನಿಷೇಧಿಸಲಾಯಿತು. ಅವೆಲ್ಲ ಓಡಾಡುವುದು ಪಕ್ಕದ ರಸ್ತೆಗಳಲ್ಲಿ, ಊರೊಳಗಿನ ಹಾದಿಯಲ್ಲಿ. ಹುಣ್ಣಿಮೆಯ ದಿನ ದೇವಸ್ಥಾನಕ್ಕೆ ಜನ ಸೇರಿದಾಗ, ಕಬ್ಬಿನ ಗಾಡಿಗಳ ನಡುವೆ ನುಸುಳಿಕೊಂಡು ಬರುವ ಬೈಕಿನವನಿಗೆ ಎದುರಿನ ಕಾರು ನೇರ ಬರುತ್ತದೆಯೋ, ತನ್ನ ಮುಂದೆಯೇ ಅಡ್ಡ ತಿರುಗುತ್ತದೆಯೋ ಎಂದು ಊಹಿಸಲು ಇರುವ ಅವಕಾಶ ಎಷ್ಟು?

ಒಂದು ಕಾಲದಲ್ಲಿ ಈ ಕೆಲಸವನ್ನು ಚಾಲಕನ ಬಲಗೈ ಮಾಡುತ್ತಿತ್ತು. ಕಿಟಕಿಯಿಂದ ಕೈ ಹೊರಚಾಚಿದರೆ ಬಲಕ್ಕೆ ತಿರುಗುವನೆಂದು ಎಲ್ಲರೂ ತಿಳಿಯುತ್ತಿದ್ದರು. ಬಳಿಕ ಇಂಗ್ಲೆಂಡಿನ ಕೆಲವು ಕಾರುಗಳಲ್ಲಿ ಬಾಗಿಲಿನ ಕಂಬದಿಂದ ಪುಟ್ಟ ತೋಳೊಂದು ಹೊರಕ್ಕೆ ಚಿಮ್ಮಿ ದೀಪ ತೋರಿಸುವ ಏರ್ಪಾಡು ಬಂತು. ಅಮೆರಿಕದ ಬ್ಯೂಕ್ ಕಾರುಗಳು ೧೯೩೯ರ ಹೊತ್ತಿಗೆ ಮಿನುಗುವ ದೀಪಗಳನ್ನು ಪಡೆದಿದ್ದವು. ಇಂದಿನ ಕಾರುಗಳಲ್ಲಿ ಗಾಜು ಏರಿಸಿ, ಹವಾನಿಯಂತ್ರಣದ ತಂಪಿನಲ್ಲಿ ಕುಳಿತವರು ಕೈ ಹೊರಚಾಚುವುದೆಲ್ಲಿಂದ ಬಂತು! ಭಾರವೆಲ್ಲ ಆ ಪುಟ್ಟ ಬಲ್ಬಿನ ಮೇಲೆಯೇ ಬಿದ್ದಿದೆ.

ಈ ಬಲ್ಬು ಸತ್ತರೆ ಒಳಗೆ ಕುಳಿತವರಿಗೆ ತಿಳಿಯುವ ಬಗೆಯೊಂದಿದೆ. ಇಂಡಿಕೇಟರ್ ಹಾಕಿದಾಗ ಕೇಳಿಬರುವ ‘ಟಿಕ್ ಟಿಕ್’ ಶಬ್ದ ಇದ್ದಕ್ಕಿದ್ದಂತೆ ಇಮ್ಮಡಿ ವೇಗ ಪಡೆದರೆ, ಆ ಬದಿಯ ಬಲ್ಬುಗಳಲ್ಲೊಂದು ಹೋಗಿದೆಯೆಂದೇ ಬಹುಮಟ್ಟಿಗೆ ಅರ್ಥ. ನಮ್ಮ ಮೋಟಾರು ವಾಹನ ನಿಯಮಗಳಂತೆ ಈ ದೀಪ ನಿಮಿಷಕ್ಕೆ ೬೦ಕ್ಕೆ ಕಡಿಮೆಯಿಲ್ಲದೆ, ೧೨೦ಕ್ಕೆ ಮೀರದೆ ಮಿನುಗಬೇಕು. ಮಿನುಗಿಸುವ ರಿಲೇಯು ತನ್ನ ಮೂಲಕ ಹರಿಯುವ ವಿದ್ಯುತ್ತನ್ನು ಗಮನಿಸುತ್ತಿರುತ್ತದೆ. ೧೨ ವೋಲ್ಟಿನಲ್ಲಿ ೨೧ ವಾಟಿನ ಒಂದು ಬಲ್ಬು ಎಳೆಯುವುದು ಸುಮಾರು ಒಂದೂಮುಕ್ಕಾಲು ಆಂಪಿಯರ್. ಮುಂದೊಂದು ಹಿಂದೊಂದು ಸೇರಿ ಮೂರೂವರೆ. ಒಂದು ನಂದಿ ಈ ಮೊತ್ತ ಅರ್ಧಕ್ಕಿಳಿದೊಡನೆ ರಿಲೇ ಅವಸರದಿಂದ ಮಿನುಗಿ ಚಾಲಕನನ್ನು ಎಚ್ಚರಿಸುತ್ತದೆ. ಹಳೆಯ ಕಾರುಗಳ ರಿಲೇಯ ಸ್ವಭಾವ ಬೇರೆ. ಅದರೊಳಗೆ ಕಾವಿಗೆ ಬಾಗುವ ಲೋಹದ ಪಟ್ಟಿಯಿದ್ದು, ವಿದ್ಯುತ್ತು ಕಡಿಮೆಯಾದರೆ ಅದು ಸಾಕಷ್ಟು ಕಾಯುವುದಿಲ್ಲ. ಆದುದರಿಂದ ಅಲ್ಲಿ ಮಿನುಗು ನಿಧಾನವಾಗುತ್ತದೆ, ಇಲ್ಲವೆ ನಿಂತೇ ಹೋಗುತ್ತದೆ.

ಯಾವ ಬಲ್ಬು ಹೋಗಿದೆಯೆಂಬುದನ್ನು ಕಂಡುಕೊಳ್ಳಲು ಮೆಕ್ಯಾನಿಕ್ಕೇ ಬರಬೇಕಾಗಿಲ್ಲ. ನಾಲ್ಕೂ ದೀಪಗಳು ಒಟ್ಟಿಗೆ ಮಿನುಗುವ ಅಪಾಯ ಸೂಚನೆಯ ಗುಂಡಿಯನ್ನು ಒತ್ತಿ, ಮನೆಯ ಹುಡುಗನೊಬ್ಬನನ್ನು ಕಾರಿನ ಮುಂದೆ ನಿಲ್ಲಿಸಿದರೆ, “ಅಪ್ಪಾ, ಎಡಗಡೇದು ಉರೀತಿದೆ, ಬಲಗಡೇದು ಇಲ್ಲ” ಎಂದು ಅವನೇ ತೀರ್ಪು ಕೊಡುತ್ತಾನೆ.

ಅನಂತರದ ಕೆಲಸ ಕಾರಿನ ಜಾತಿಯನ್ನು ಅವಲಂಬಿಸಿದೆ. ಅನೇಕ ಹಳೆಯ ಕಾರುಗಳಲ್ಲಿ ಮುಂಬದಿಯ ಬಣ್ಣದ ಮುಚ್ಚಳವನ್ನು ಹಿಡಿದಿಟ್ಟ ಸ್ಕ್ರೂಗಳನ್ನು ಬಿಚ್ಚಿದರೆ ಬಲ್ಬು ಕೈಗೆ ಸಿಗುತ್ತಿತ್ತು. ಇತ್ತೀಚಿನವುಗಳಲ್ಲಿ ಬಾನೆಟ್ ತೆರೆದು, ಹೆಡ್‌ಲೈಟಿನ ಹಿಂದಕ್ಕೆ ಕೈ ತೂರಿಸಬೇಕು. ಕೆಲವಕ್ಕೆ ಚಕ್ರವನ್ನು ಪೂರ್ತಿ ತಿರುಗಿಸಿ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಸರಿಸಿ ಆ ಕಡೆಯಿಂದ ಹೋಗಬೇಕಾಗುತ್ತದೆ. ಎಲ್‌ಇಡಿ ದೀಪಗಳೊಂದಿಗೇ ಬಂದ ಕಾರುಗಳಲ್ಲಿ ಬದಲಾಯಿಸಲು ಬಲ್ಬೆಂಬುದೇ ಇರದೆ, ದೀಪದ ಇಡೀ ಜೋಡಣೆಯನ್ನೇ ಹಾಕಿಸುವ ಪ್ರಸಂಗವೂ ಉಂಟು; ಅಂಥಲ್ಲಿ ಮನೆಯಲ್ಲಿ ಕೈಹಾಕದಿರುವುದೇ ಜಾಣತನ. ಕಾರಿನೊಡನೆ ಬಂದ ಕೈಪಿಡಿಯಲ್ಲಿ ಇದೆಲ್ಲ ಚಿತ್ರಸಹಿತ ಇರುತ್ತದೆ. ಅದನ್ನು ಓದುವ ಪದ್ಧತಿ ನಮ್ಮಲ್ಲಿ ಅಪರೂಪವೆಂಬುದು ಬೇರೆ ಮಾತು.

ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ದೀಪಗಳನ್ನೆಲ್ಲ ಆರಿಸಿ ಕೀಲಿಯನ್ನು ಹೊರತೆಗೆಯಬೇಕು. ಆಗತಾನೆ ಓಡಿ ಬಂದ ಕಾರಾದರೆ ಎಂಜಿನ್ನೂ ಬಲ್ಬೂ ಆರುವವರೆಗೆ ಒಂದು ಲೋಟ ಕಾಫಿ ಕುಡಿಯಲು ಧಾರಾಳವಾಗಿ ವೇಳೆಯಿದೆ. ಕೈಗಡಿಯಾರ, ಉಂಗುರಗಳನ್ನು ತೆಗೆದಿಡುವುದು ಒಳ್ಳೆಯದು. ಅಲ್ಲಿನ ಜಾಗ ಅಷ್ಟು ಇಕ್ಕಟ್ಟು. ಬಲ್ಬಿನ ಹೋಲ್ಡರನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿದರೆ ಅದು ಬಲ್ಬಿನೊಡನೆ ಹೊರಬರುತ್ತದೆ. ಬಲ್ಬನ್ನು ಒಳಕ್ಕೆ ಅದುಮಿ ಅದೇ ದಿಕ್ಕಿಗೆ ಸ್ವಲ್ಪ ತಿರುಗಿಸಿದರೆ ಬಿಡುಗಡೆಯಾಗುತ್ತದೆ. ಬಹಳ ವರ್ಷ ಕುಳಿತಿದ್ದರೆ ಹಟ ಮಾಡೀತು. ಗಾಜು ಒಡೆದರೆ ಬೆರಳು ಕೊಯ್ಯದಂತೆ ದಪ್ಪ ಬಟ್ಟೆ ಸುತ್ತಿ ಹಿಡಿಯಬೇಕು. ಬುಡದಲ್ಲಿ ಕಡಾಣಿಗಳಿಲ್ಲದ, ಬರಿಯ ಗಾಜಿನ ಬುಡದ ಬಲ್ಬುಗಳೂ ಇವೆ. ಅವನ್ನು ತಿರುಗಿಸಬಾರದು, ನೇರವಾಗಿ ಎಳೆಯಬೇಕು.

ಹೊಸ ಬಲ್ಬು ತರುವಾಗಲೇ ಅನೇಕರು ಎಡವುವುದು. ಹೊರಗಿನ ಮುಚ್ಚಳ ಕಿತ್ತಳೆ ಬಣ್ಣದ್ದಾದರೆ ಬಿಳಿಯ ಗಾಜಿನ ‘ಪಿ ೨೧ ಡಬ್ಲ್ಯು’ ಬಲ್ಬು ಬೇಕು. ಮುಚ್ಚಳ ಪಾರದರ್ಶಕವಾಗಿದ್ದರೆ ಕಿತ್ತಳೆ ಗಾಜಿನ ‘ಪಿವೈ ೨೧ ಡಬ್ಲ್ಯು’. ಒಂದರ ಬದಲು ಇನ್ನೊಂದು ಕೂಡದಂತೆ ತಯಾರಕರು ಒಂದು ಉಪಾಯ ಮಾಡಿದ್ದಾರೆ. ಬಿಳಿಯದರ ಬುಡದ ಎರಡು ಕಡಾಣಿಗಳು ಎದುರುಬದುರಾಗಿ, ೧೮೦ ಡಿಗ್ರಿಯಲ್ಲಿರುತ್ತವೆ. ಕಿತ್ತಳೆಯದರಲ್ಲಿ ೧೫೦ ಡಿಗ್ರಿಗೆ ಓರೆಯಾಗಿರುತ್ತವೆ. ಕೂರದ ಬಲ್ಬನ್ನು ಬಲವಂತದಿಂದ ಕೂರಿಸಿ ಹೋಲ್ಡರು ಮುರಿದುಕೊಂಡವರಿಗೆ ಈ ಉಪಾಯದ ಅರ್ಥ ತಡವಾಗಿ ತಿಳಿಯುತ್ತದೆ. ಹಳೆಯ ಬಲ್ಬನ್ನು ಅಂಗಡಿಗೆ ಒಯ್ದು ಪಕ್ಕದಲ್ಲಿಟ್ಟು ನೋಡಿ ಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತ. ಹೆಚ್ಚು ಬೆಳಕಿನ ಆಸೆಗೆ ಹೆಚ್ಚು ವಾಟಿನದನ್ನು ಹಾಕಿದರೆ ಪ್ಲಾಸ್ಟಿಕ್ ಕರಗುವ ಭಯವಿದೆ. ಎಲ್‌ಇಡಿ ಬಲ್ಬನ್ನು ಹಳೆಯ ಹೋಲ್ಡರಿಗೆ ಹಾಕಿದರೆ ಅದು ಎಳೆಯುವ ವಿದ್ಯುತ್ತು ತೀರ ಕಡಿಮೆಯಾದ್ದರಿಂದ, ಬಲ್ಬು ಉರಿಯುತ್ತಿದ್ದರೂ ರಿಲೇ ಅದನ್ನು ಸತ್ತದ್ದೆಂದೇ ಎಣಿಸಿ ಅವಸರದ ‘ಟಿಕ್ ಟಿಕ್’ ಆರಂಭಿಸುತ್ತದೆ.

ಹೊಸದು ಹಾಕಿಯೂ ಉರಿಯದಿದ್ದರೆ ಗಾಬರಿಯಾಗಬೇಕಾಗಿಲ್ಲ. ಉರಿಯುತ್ತಿರುವ ಎಡಬದಿಯ ಬಲ್ಬನ್ನು ತೆಗೆದು ಬಲಬದಿಗೆ ಹಾಕಿ ನೋಡುವುದು. ಅದೂ ಉರಿಯದಿದ್ದರೆ ದೋಷ ಬಲ್ಬಿನದಲ್ಲ, ಹೋಲ್ಡರಿನದೋ ತಂತಿಯದೋ. ಮಳೆಗಾಲದ ನೀರು ಒಳಸೇರಿ ತಾಮ್ರದ ಮೇಲೆ ಹಸುರು ಕಿಲುಬು ಕಟ್ಟಿರುವುದು ಸಾಮಾನ್ಯ. ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದರೆ ಎಷ್ಟೋ ಸಲ ದೀಪಕ್ಕೆ ಜೀವ ಬರುತ್ತದೆ. ಅಲ್ಲಿಗೂ ಬಗ್ಗದಿದ್ದರೆ ಎಲೆಕ್ಟ್ರಿಷಿಯನ್ನನ ಬಳಿಗೆ ಹೋಗುವುದೇ ಸರಿ. ಹೋಲ್ಡರಿನ ಸುತ್ತಲಿನ ರಬ್ಬರ್ ಬಳೆಯನ್ನು ಮರೆಯದೆ ಸರಿಯಾಗಿ ಕೂರಿಸಬೇಕು; ಅದು ಸರಿದಿದ್ದರೆ ಮುಂದಿನ ಮಳೆಗೇ ಒಳಗೆಲ್ಲ ನೀರು.

ಬಾನೆಟ್ ಮುಚ್ಚುವ ಮೊದಲು ಮತ್ತೊಮ್ಮೆ ಹುಡುಗನನ್ನು ಮುಂದೆ ನಿಲ್ಲಿಸಿ ಎಡ, ಬಲ ಎರಡನ್ನೂ ಹಾಕಿ ನೋಡಬೇಕು. ‘ಟಿಕ್ ಟಿಕ್’ ಹಳೆಯ ನಿಧಾನಕ್ಕೆ ಮರಳಿರಬೇಕು. ಎರಡೂ ಬದಿಯ ಬಲ್ಬುಗಳು ಒಂದೇ ವಯಸ್ಸಿನವಾದುದರಿಂದ ಇನ್ನೊಂದರ ಸರದಿಯೂ ಬಹಳ ದೂರವಿರಲಾರದು. ಅಂಗಡಿಯಿಂದ ತರುವಾಗಲೇ ಎರಡು ತಂದು, ಒಂದನ್ನು ಹತ್ತಿಯಲ್ಲಿ ಸುತ್ತಿ ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟಿರುವವರು ದೇವಸ್ಥಾನದ ಮುಂದೆ ಕಾರು ನಿಲ್ಲಿಸಿಯೇ, ಸಂಜೆ ಕವಿಯುವ ಮೊದಲು ಈ ಕೆಲಸ ಮುಗಿಸಿಕೊಳ್ಳಬಹುದು.